ಹೆಬ್ಬಾತು ಎಂದು ಬಡಿಸಿದ್ದು

ಪೆತಾ ಕೆರೆ
ಅಕ್ಟೋಬರ್ ೪, ೧೯೫೩

ಇರ್ಯಾ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಸೊಸೆಗೆ ಪತ್ರ ಬರೆದು ಅಭ್ಯಾಸವಿಲ್ಲದ ಅತ್ತೆ ನಾನು. ಒಂದೇ ಸೂರಿನಡಿ ಇದ್ದಾಗಲೇ ನಾವು ಮಾತಾಡಿದ್ದು ಅಷ್ಟಕ್ಕಷ್ಟೇ. ಈಗ ಕಾಗದದ ಮೇಲೆ ಎಲ್ಲಿಂದ ಮಾತು ಹುಟ್ಟಿಸಲಿ?

ಇಲ್ಲಿಯ ಹವೆ ಹೇಗಿದೆ ಎಂದು ಕೇಳಿದ್ದೀಯ. ಹೇಸಿಗೆಯಾಗಿದೆ. ಬರ್ಚ್ ಮರಗಳ ಹಳದಿಯೆಲ್ಲ ಒಂದೇ ಗಾಳಿಗೆ ಉದುರಿಹೋಯಿತು. ಪಟ್ಟಣದವರು ಬಂದು ಆಹಾ ಎಂದು ಹೋಗುವುದು ಆ ಹಳದಿ ಇರುವಷ್ಟು ದಿನ ಮಾತ್ರ. ಆಮೇಲೆ ಉಳಿಯುವುದು ನಾವು ಮತ್ತು ಕೊಳೆತ ಎಲೆ. ಅಂಗಳಕ್ಕೆ ಕಾಲಿಟ್ಟರೆ ಕೆಸರು ಬೂಟನ್ನು ಹಿಡಿದು ಚಪ್ಪರಿಸುತ್ತದೆ. ಕಿಟಕಿಯ ಜೋಡಿ ಗಾಜುಗಳ ನಡುವೆ ನೊಣಗಳು ಅಂಗಾತ ಬಿದ್ದು, ಸಾಯಲೂ ಆಗದೆ ಗುಂಯ್‌ಗುಡುತ್ತಿವೆ. ಆಕಾಶದಿಂದ ಬೀಳುವುದು ಮಳೆಯೂ ಅಲ್ಲ, ಹಿಮವೂ ಅಲ್ಲ. ಯಾರೋ ಮುಖಕ್ಕೆ ಉಗಿದ ಹಾಗಿರುತ್ತದೆ. ಈ ಮಾತನ್ನು ನಿನಗೆ ಬರೆಯಬಾರದಿತ್ತೇನೋ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ.

ನಿನ್ನ ಹಂಸಗಳು ಇನ್ನೂ ಇವೆ. ಹೋದ ವರ್ಷ ನೀನು ಅಡುಗೆಮನೆಯ ಕಿಟಕಿಯಲ್ಲಿ ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದೆಯಲ್ಲ, ಅದೇ ಜೋಡಿ. ಈ ಸಲ ವಸಂತದ ನೆರೆಗೆ ಅವುಗಳ ಗೂಡು ಕೊಚ್ಚಿಹೋಗಿ ಮತ್ತೆ ಕಟ್ಟಿದವು. ಹಾಗಾಗಿ ಮರಿ ತಡವಾಯಿತು, ಅದೂ ಒಂದೇ. ಒದ್ದೆ ಒರೆಸುಬಟ್ಟೆಯ ಬಣ್ಣ ಅದಕ್ಕೆ. ಇನ್ನೂ ಹಾರಲು ಬಾರದು. ಬೇರೆ ಹಕ್ಕಿಗಳೆಲ್ಲ ಗಂಟುಮೂಟೆ ಕಟ್ಟುತ್ತಿರುವಾಗ ಇದು ಜೊಂಡಿನ ನಡುವೆ ತಲೆ ಕೆಳಗಾಗಿ, ಹಿಂಭಾಗವನ್ನು ಊರಿಗೆಲ್ಲ ತೋರಿಸುತ್ತಾ ಬೇರು ಕೀಳುತ್ತಿರುತ್ತದೆ. ನೋಡಿದರೆ ಸಿಟ್ಟು ಬರುತ್ತದೆ.

ತೌನೊಗೆ ಪುರುಸೊತ್ತಿಲ್ಲ. ಅರಣ್ಯ ಇಲಾಖೆಗೆ ಲಿಂಡ್‌ರೋಸ್ ಎಂಬ ಹೊಸ ಅಧಿಕಾರಿ ಬಂದಿದ್ದಾರೆ. ಈ ಚಳಿಗಾಲ ಮರ ಕಡಿಸುವ ಮೇಸ್ತ್ರಿಯ ಕೆಲಸ ಯಾರಿಗೆ ಎಂಬುದು ಅವರ ಕೈಯಲ್ಲಿದೆ. ನಿನ್ನ ಗಂಡ ಅವರ ಹಿಂದೆಯೇ ಸುತ್ತುತ್ತಾನೆ. ಅದಕ್ಕೇ ಬರೆದಿಲ್ಲ, ಬೇರೇನೂ ಇಲ್ಲ.

ಮೈ ಬೆಚ್ಚಗಿಟ್ಟುಕೋ.

ನಿನ್ನ ಅತ್ತೆ,
ಲೊವೀಸಾ


ಕ್ಷಯದ ಆಸ್ಪತ್ರೆ, ಮಹಡಿ ವಾರ್ಡು
ಅಕ್ಟೋಬರ್ ೧೫

ಪ್ರೀತಿಯ ಅತ್ತೆ,

ನಿಮ್ಮ ಪತ್ರವನ್ನು ಬಾಲ್ಕನಿಯಲ್ಲಿ ಮಲಗಿಕೊಂಡು ಓದಿದೆ. ಇಲ್ಲಿ ನಮ್ಮನ್ನು ತುಪ್ಪಳದ ಚೀಲದೊಳಗೆ ಕತ್ತಿನವರೆಗೆ ಕಟ್ಟಿ ಹೊರಗೆ ಸಾಲಾಗಿ ಮಲಗಿಸುತ್ತಾರೆ, ಒಣಮೀನು ಹರವಿದ ಹಾಗೆ. ಮಾತಾಡುವಂತಿಲ್ಲ. ಹಾಗಾಗಿ ನಗು ಬಂದಾಗ ಬಹಳ ಕಷ್ಟಪಟ್ಟೆ. ಆ 'ಉಗಿದ' ಮಾತನ್ನು ನೀವು ಹೊಡೆದುಹಾಕದೆ ಇದ್ದದ್ದು ಒಳ್ಳೆಯದಾಯಿತು. ಇಲ್ಲಿ ಎಲ್ಲರ ಜೇಬಿನಲ್ಲೂ ಒಂದು ನೀಲಿ ಸೀಸೆ ಇರುತ್ತದೆ, ಉಗುಳುವುದಕ್ಕೆ. ದಾದಿ ಬಂದು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಮೊದಮೊದಲು ನನಗೆ ನನ್ನ ಮೇಲೆಯೇ ಎಷ್ಟು ಹೇಸಿಗೆಯಾಗುತ್ತಿತ್ತೆಂದರೆ ಕೈ ತೊಳೆದು ತೊಳೆದು ಚರ್ಮ ಬಿರಿದುಹೋಗಿತ್ತು. ಈಗ ಅಭ್ಯಾಸವಾಗಿದೆ. ಪಕ್ಕದ ಹಾಸಿಗೆಯ ಹೆಂಗಸು ಸೀಸೆಗೆ ಗಂಡನ ಹೆಸರಿಟ್ಟಿದ್ದಳು. ಅವಳ ಹಾಸಿಗೆಗೆ ಸೋಮವಾರ ಹೊಸ ಹೊದಿಕೆ ಹಾಕಿದರು.

ಮರಿಯ ವಿಷಯ ಓದಿ ನಿದ್ದೆ ಬರಲಿಲ್ಲ. ತಂದೆ ತಾಯಿ ಅದನ್ನು ಬಿಟ್ಟು ಹೋಗುವುದಿಲ್ಲ ಅಲ್ಲವೇ? ನಮ್ಮ ಕಡೆ, ಯುದ್ಧದಲ್ಲಿ ಗಡಿಯಾಚೆ ಉಳಿದ ನಮ್ಮೂರಿನಲ್ಲಿ, ಹಂಸದ ಮೇಲೆ ಯಾರೂ ಕೈ ಎತ್ತುತ್ತಿರಲಿಲ್ಲ. ಹಂಸದ ಕಡೆ ಬೆರಳು ತೋರಿಸಿದರೂ ನನ್ನಜ್ಜಿ ಬೆರಳಿನ ಮೇಲೆ ಹೊಡೆಯುತ್ತಿದ್ದಳು. 'ಅದು ನಿನ್ನ ಹಾಗೇ ಒಂದು ಸಂಸಾರ ಕಣೇ' ಎನ್ನುತ್ತಿದ್ದಳು. ಈಗ ಅಜ್ಜಿಯೂ ಇಲ್ಲ, ಆ ಊರೂ ಇಲ್ಲ.

ತೌನೊ ಬೇಸಿಗೆಯಿಂದ ಒಂದು ಸಾಲೂ ಬರೆದಿಲ್ಲ. ಮೇಸ್ತ್ರಿ ಕೆಲಸಕ್ಕಾಗಿ ಓಡಾಡುವವನು ವಾರಕ್ಕೊಮ್ಮೆಯಾದರೂ ಕುಳಿತುಕೊಳ್ಳುತ್ತಾನಲ್ಲ? ನೀವು 'ಬೇರೇನೂ ಇಲ್ಲ' ಎಂದು ಬರೆದಿದ್ದೀರಿ. ನೀವು ಸುಮ್ಮಸುಮ್ಮನೆ ಹಾಗೆ ಬರೆಯುವವರಲ್ಲ. ನನ್ನ ಹಾಸಿಗೆ ಇನ್ನೂ ಕಿಟಕಿಯ ಪಕ್ಕದಲ್ಲೇ ಇದೆಯೇ, ಅತ್ತೆ? ಇಷ್ಟನ್ನು ಮಾತ್ರ ತಿಳಿಸಿ.

ನಿಮ್ಮ ಸೊಸೆ,
ಇರ್ಯಾ


ಪೆತಾ ಕೆರೆ
ಅಕ್ಟೋಬರ್ ೨೭

ಇರ್ಯಾ,

ಕೇಳಿದ್ದೀಯ, ಹೇಳುತ್ತೇನೆ. ನಿನ್ನ ಹಾಸಿಗೆ ಇಲ್ಲ. ಜೂನ್ ತಿಂಗಳಲ್ಲಿ ನಾನು ಚರ್ಚಿಗೆ ಹೋಗಿದ್ದ ದಿನ ತೌನೊ ಅದನ್ನು ಸೌನಾ ಸ್ನಾನದ ಮನೆಯ ಹಿಂದೆ ಒಯ್ದು ಸುಟ್ಟ. ಜೊತೆಗೆ ನಿನ್ನ ಕಂಬಳಿ, ಬೂದು ಸ್ವೆಟರು, ಊಟದ ಚಮಚ. ದೋಣಿ ದಡಕ್ಕೆ ಬರುವ ಮೊದಲೇ ಹಾಸಿಗೆಯೊಳಗಿನ ಪುಕ್ಕ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು. ಅವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಉದ್ದ ಕೋಲಿನಿಂದ ಕೆದಕುತ್ತಾ ನಿಂತಿದ್ದ, ಪ್ಲೇಗಿನ ಹೆಣ ಸುಡುವವನ ಹಾಗೆ. ಆಸ್ಪತ್ರೆಯವರು ಹೊಗೆ ಹಾಕಿ ಶುದ್ಧ ಮಾಡಿ ಹೋಗಿದ್ದರಲ್ಲೋ ಎಂದೆ. 'ಅವ್ರು ಹೇಳ್ತಾರೆ. ಇಲ್ಲಿ ಮಲಗೋನು ನಾನು' ಎಂದ. ಆಮೇಲೆ ನಾವು ಆ ಮಾತು ಎತ್ತಿಲ್ಲ.

ನಿನಗೆ ಮೊದಲೇ ತಿಳಿಸಬೇಕಿತ್ತು ಎನ್ನುತ್ತೀಯೇನೋ. ನೀನು ಮಲಗಿದಲ್ಲಿಂದ ಏನು ಮಾಡುತ್ತಿದ್ದೆ?

ಕೆರೆಯ ಕೊಲ್ಲಿಗಳಲ್ಲಿ ಬೆಳಗಿನ ಹೊತ್ತು ಮಂಜುಗಡ್ಡೆಯ ಪೊರೆ ಕಟ್ಟುತ್ತಿದೆ. ಮಧ್ಯಾಹ್ನಕ್ಕೆ ಕರಗಿ ಸಾರಿನ ಮೇಲೆ ತಣ್ಣಗಾದ ಕೊಬ್ಬಿನಂತೆ ತೇಲುತ್ತದೆ. ಬೇಸಿಗೆಯಿಡೀ ಊಳಿಡುತ್ತಿದ್ದ ಮುಳುಕ ಹಕ್ಕಿಗಳು ಹೊರಟುಹೋದವು, ಪೀಡೆ ತೊಲಗಿತು. ಉಳಿದಿರುವುದು ಕಾಡುಕಾಗೆಗಳು ಮತ್ತು ನಿನ್ನ ಹಂಸಗಳು. ನಾವು ಬೆಳ್ಳಿಮೀನು ಹಿಡಿಯುತ್ತಿದ್ದೇವೆ. ಬೆರಳುದ್ದದ ಮೀನು, ಬುಟ್ಟಿಗಟ್ಟಲೆ. ಪಕ್ಕದ ಮನೆಯ ಯಾಲ್ಮರಿ ಬಲೆ ಎಳೆಯಲು ಬರುತ್ತಾನೆ, ಕರುಳು ತೆಗೆಯುವುದು ನನ್ನ ಪಾಲು. ಕೈ ಮೊಣಕೈವರೆಗೆ ಲೋಳೆ. ಬ್ರೆಡ್ಡು ಮುಟ್ಟಿದರೆ ಮೀನು, ತಲೆ ಕೆರೆದುಕೊಂಡರೆ ಮೀನು. ಬೈಬಲಿನ ಹಾಳೆಗೂ ಮೀನಿನ ಹೊಟ್ಟೆಯ ವಾಸನೆ ಹಿಡಿದಿದೆ.

ಮರಿ ಹಾರಲು ಕಲಿಯುತ್ತಿದೆ. ತಾಯಿ ಮುಂದೆ, ತಂದೆ ಹಿಂದೆ, ನೀರಿನ ಮೇಲೆ ಓಡುತ್ತವೆ. ದೊಡ್ಡವು ಏಳುತ್ತವೆ. ಅದು ರೆಕ್ಕೆ ಬಡಿದು, ಕಾಲು ಬಡಿದು, ಕೊನೆಗೆ ಮೂತಿ ಮುಂದಾಗಿ ದೊಪ್ಪನೆ ಬೀಳುತ್ತದೆ. ದೊಡ್ಡವು ಒಂದು ಸುತ್ತು ಹಾಕಿ ಮತ್ತೆ ಅದರ ಪಕ್ಕದಲ್ಲೇ ಬಂದು ಇಳಿಯುತ್ತವೆ. ಬಿಟ್ಟುಹೋಗುವ ಲಕ್ಷಣ ಕಾಣಿಸುತ್ತಿಲ್ಲ. ಇದು ನಿನ್ನ ಪ್ರಶ್ನೆಗೆ ಉತ್ತರ.

ಬರುವ ಭಾನುವಾರ ಲಿಂಡ್‌ರೋಸ್ ಸಾಹೇಬರು ಊಟಕ್ಕೆ ಬರುತ್ತಾರಂತೆ. ಹೆಬ್ಬಾತು ಹೊಡೆದು ತರುತ್ತೇನೆ, ನೀನು ಬೇಯಿಸು ಎಂದಿದ್ದಾನೆ ತೌನೊ.

ಲೊವೀಸಾ


ಪೆತಾ ಕೆರೆ
ನವೆಂಬರ್ ೩, ೧೯೫೩

ಇರ್ಯಾಗೆ,

ಕ್ಷೇಮ. ನೀನೂ ಕ್ಷೇಮವಾಗಿರುವೆ ಎಂದು ಭಾವಿಸುತ್ತೇನೆ. ಕೆಲಸದ ಒತ್ತಡದಿಂದ ಬರೆಯಲಾಗಲಿಲ್ಲ. ಒಂದು ಸಂತೋಷದ ಸುದ್ದಿ. ಚಳಿಗಾಲದ ಮೇಸ್ತ್ರಿ ಕೆಲಸ ನನಗೇ ಆಯಿತು. ಭಾನುವಾರ ಅರಣ್ಯಾಧಿಕಾರಿಗಳು ನಮ್ಮ ಮನೆಯಲ್ಲಿ ಊಟ ಮಾಡಿದರು. ಹೆಬ್ಬಾತಿನ ಹುರಿದ ಮಾಂಸ ಮಾಡಿಸಿದ್ದೆ. ಎರಡು ಸಲ ಬಡಿಸಿಕೊಂಡರು. ದೊಡ್ಡ ಮನುಷ್ಯರು, ನಮ್ಮಂಥವರ ಮೇಜಿಗೂ ಕೂರುತ್ತಾರೆ. ಅಮ್ಮನಿಗೆ ಮಾತ್ರ ಆಮೇಲೆ ಹೊಟ್ಟೆ ಕೆಟ್ಟಿತು. ವಯಸ್ಸಾಯಿತು, ಮಿತಿ ತಿಳಿಯುವುದಿಲ್ಲ.

ನಿನ್ನ ವಿಷಯ ಯೋಚಿಸಿದೆ. ಡಾಕ್ಟರು ಬಿಡುತ್ತೇನೆ ಎಂದರೂ ಅವಸರ ಮಾಡಬೇಡ. ಅಲ್ಲಿ ನಿನ್ನ ಥರದವರೇ ಇರುವುದರಿಂದ ನಿನಗೂ ಸಂಕೋಚವಿರುವುದಿಲ್ಲ. ಇಲ್ಲಿ ಇನ್ನು ಮೇಲೆ ಸಾಹೇಬರು ಬಂದು ಹೋಗುತ್ತಿರುತ್ತಾರೆ. ಜನ ಏನೇನೋ ಅಂದುಕೊಳ್ಳುತ್ತಾರೆ. ಗುಣವಾದವರಿಗೆ ಹೊಲಿಗೆ ಕಲಿಸುವ ಮನೆಯೊಂದು ದಕ್ಷಿಣದಲ್ಲಿ ಇದೆಯಂತೆ, ವಿಚಾರಿಸು.

ನಿನ್ನ ಪತ್ರಗಳು ಅಮ್ಮನಿಗೆ ಬರುತ್ತಿರುತ್ತವೆ. ಒಲೆಯ ಮೇಲೆ ಚೆನ್ನಾಗಿ ಬಿಸಿ ಮಾಡಿ ಆಮೇಲೆ ತೆರೆಯಲು ಹೇಳಿದ್ದೇನೆ. ಅವಳು ಕೇಳುವುದಿಲ್ಲ. ಆದ್ದರಿಂದ ಲಕೋಟೆಯನ್ನು ನಾಲಿಗೆಯಿಂದ ಅಂಟಿಸಬೇಡ, ನೀರು ಬಳಸು.

ಇತಿ,
ತೌನೊ


ಪೆತಾ ಕೆರೆ
ನವೆಂಬರ್ ೮

ಇರ್ಯಾ,

ಇದನ್ನು ಊಟ ಮಾಡುತ್ತಾ ಓದಬೇಡ.

ಕಳೆದ ವಾರವೆಲ್ಲ ಮಂಜು. ಸೌನಾದ ಬಾಗಿಲಿನಿಂದ ದೋಣಿ ಕಾಣುತ್ತಿರಲಿಲ್ಲ, ಇನ್ನು ಕೆರೆ ಎಲ್ಲಿಂದ ಕಾಣಬೇಕು? ಶನಿವಾರ ತೌನೊ ಹಕ್ಕಿ ತಂದ. ತಲೆ ಇಲ್ಲ, ಕತ್ತು ಇಲ್ಲ, ಕಾಲಿಲ್ಲ, ರೆಕ್ಕೆ ಇಲ್ಲ. ಪುಕ್ಕ ಕೀಳುವ ಬದಲು ಚರ್ಮವನ್ನೇ ಸುಲಿದಿದ್ದ. ಇಷ್ಟು ದೊಡ್ಡ ಹೆಬ್ಬಾತು ಎಲ್ಲಿತ್ತೋ ಎಂದೆ. ಉತ್ತರದಿಂದ ಬಂದದ್ದು, ದಾರಿಯಲ್ಲಿ ಯಾರದೋ ಬಾರ್ಲಿ ಹೊಲ ಮೇದು ಕೊಬ್ಬಿದೆ ಎಂದ. ಮಗ ಹೇಳಿದ, ತಾಯಿ ನಂಬಿದಳು. ಈರುಳ್ಳಿ ಹಾಕಿ, ಬೆಣ್ಣೆ ಹಾಕಿ, ರಾತ್ರಿಯಿಡೀ ಒಲೆಯಲ್ಲಿಟ್ಟೆ. ಆದರೂ ಹದಕ್ಕೆ ಬರಲಿಲ್ಲ. ಕಪ್ಪು ಮಾಂಸ, ನಾರು ನಾರು. ಕೆರೆಯ ತಳದ ಕೆಸರಿನ ರುಚಿ ಬೆಣ್ಣೆಯನ್ನೂ ಮೀರಿ ಬರುತ್ತಿತ್ತು. ಲಿಂಡ್‌ರೋಸ್ ಸಾಹೇಬರು ಕೆಂಪು ಹಣ್ಣಿನ ಗೊಜ್ಜಿನಲ್ಲಿ ಅದ್ದಿ ಅದ್ದಿ ತಿಂದರು. ಅವರ ಗದ್ದದ ಮೇಲೆ ಜಿಡ್ಡು ಇಳಿಯುವುದನ್ನು ನೋಡಲಾರದೆ ನಾನು ನನ್ನ ತಟ್ಟೆಯನ್ನೇ ನೋಡುತ್ತಾ ತಿಂದೆ. ಪೂರ್ತಿ ತಿಂದೆ. ಅತಿಥಿಗಳ ಮುಂದೆ ಮನೆಯವರು ಬಿಡಬಾರದಲ್ಲ.

ಸೋಮವಾರ ಬೆಳಿಗ್ಗೆ ಮಂಜು ತೆರೆಯಿತು. ಹಸುವಿಗೆ ನೀರು ತರಲು ಹೋದವಳು ನೋಡಿದೆ. ಕೆರೆಯಲ್ಲಿ ಒಂದೇ ಹಂಸ ಇತ್ತು, ಅದರ ಹಿಂದೆ ಮರಿ. ದೊಡ್ಡದು ಕತ್ತನ್ನು ನೆಟ್ಟಗೆ ಎತ್ತಿ ಒಂದು ಸಲ ಕೂಗುವುದು, ಸುಮ್ಮನಾಗುವುದು, ಮತ್ತೆ ಕೂಗುವುದು. ನಾನು ಇನ್ನೂ ಏನೂ ತಿಳಿಯದೆ ನಿಂತಿದ್ದೆ. ಅಷ್ಟರಲ್ಲಿ ನಮ್ಮ ನಾಯಿ ಕೊಟ್ಟಿಗೆಯ ಹಿಂದಿನಿಂದ ಏನನ್ನೋ ಎಳೆದುಕೊಂಡು ಬಂತು. ಹಗ್ಗ ಅಂದುಕೊಂಡೆ. ಹಗ್ಗವಲ್ಲ, ಕತ್ತು. ನನ್ನ ತೋಳಿನಷ್ಟು ಉದ್ದ, ಬಿಳಿ, ತುದಿಯಲ್ಲಿ ತಲೆ ಇತ್ತು, ಹಳದಿ ಕೊಕ್ಕು. ನಾಯಿ ಅದನ್ನು ತಂದು ನನ್ನ ಕಾಲ ಬಳಿ ಹಾಕಿ ಬಾಲ ಆಡಿಸಿತು, ನೋಡಿದೆಯಾ ಎಂಬ ಹಾಗೆ.

ಅಲ್ಲೇ ಬಗ್ಗಿ ಕಾರಿಕೊಂಡೆ. ಒಂದು ದಿನ ಕಳೆದಿತ್ತು, ಹೊಟ್ಟೆಯಲ್ಲಿ ಅದರ ಚೂರೂ ಇರಲಿಲ್ಲ. ಅದೇ ನನಗೆ ಸಹಿಸಲಾಗದ್ದು. ಅದು ಆಗಲೇ ನನ್ನ ರಕ್ತವಾಗಿಬಿಟ್ಟಿತ್ತು. ಬೂದಿ ಹಚ್ಚಿ ನಾಲಿಗೆ ತಿಕ್ಕಿದೆ. ರುಚಿ ಹೋಗಲಿಲ್ಲ.

ತೌನೊನನ್ನು ಕೇಳಿದೆ. ಗಡ್ಡ ಬೋಳಿಸಿಕೊಳ್ಳುತ್ತಿದ್ದ, ತಿರುಗಿ ಸಹ ನೋಡಲಿಲ್ಲ.

'ಹಂಸ ಆದ್ರೇನು, ಹೆಬ್ಬಾತಾದ್ರೇನಮ್ಮ, ಹೊಟ್ಟೆಗೆ ಹೋದ್ಮೇಲೆ ಎರಡೂ ಒಂದೇ. ಕೆಲಸ ಸಿಕ್ತಲ್ಲ.'

ಹಂಸ ಹೊಡೆಯುವುದಕ್ಕೆ ಕಾನೂನೇ ಅಡ್ಡವಿದೆ, ಸಾಹೇಬರಿಗೆ ತಿಳಿದರೆ ನಿನ್ನ ಗತಿ ಏನು ಎಂದೆ. ಅವನು ನಕ್ಕ. ಆ ನಗು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

ಶುಕ್ರವಾರ ಸಾಹೇಬರು ಮರ ಗುರುತು ಮಾಡಲು ಬಂದವರು ಕಾಫಿಗೆ ಒಳಗೆ ಬಂದರು. ನಾನು ಕಾಫಿ ಬಗ್ಗಿಸಿ ಅವರೆದುರು ನಿಂತು ಹೇಳಿದೆ. ಭಾನುವಾರ ನಿಮಗೆ ಬಡಿಸಿದ್ದು ಹೆಬ್ಬಾತಲ್ಲ, ಹಂಸ, ನನಗೆ ತಿಳಿದಿರಲಿಲ್ಲ, ನಿಮಗೂ ತಿಳಿದಿರಲಿಲ್ಲ, ಇನ್ನು ನೀವುಂಟು ಕಾನೂನುಂಟು ಎಂದೆ. ನನ್ನ ಮಗನನ್ನೇ ಹಿಡಿದುಕೊಡುತ್ತಿದ್ದೇನೆ ಎಂಬುದು ಗೊತ್ತಿತ್ತು.

ಸಾಹೇಬರು ಬಿಸ್ಕತ್ತನ್ನು ಕಾಫಿಯಲ್ಲಿ ಅದ್ದಿದರು.

'ನಂಗೆ ಗೊತ್ತಿತ್ತಮ್ಮ. ನಾನೇ ಕೇಳಿದ್ದು. ನಮ್ಮ ತಾತ ತಿಂದಿದ್ರಂತೆ, ನಾನು ತಿಂದಿರ್ಲಿಲ್ಲ. ಸ್ವಲ್ಪ ಗಟ್ಟಿ ಇತ್ತು, ಅಷ್ಟೇ.'

ತೌನೊ ಅವರ ಮಗ್ಗುಲಲ್ಲಿ ಕುಳಿತು ಮುಗುಳ್ನಗುತ್ತಿದ್ದ. ಅಂದರೆ ಇಡೀ ಮೇಜಿನಲ್ಲಿ ಗೊತ್ತಿಲ್ಲದೆ ತಿಂದವಳು ನಾನೊಬ್ಬಳೇ. ಅವನನ್ನು ನಾನು ಹೆತ್ತಿದ್ದೇನೆ, ಅವನ ಮಲ ಮೂತ್ರ ಬಳಿದಿದ್ದೇನೆ, ಗಂಟಲುಬೇನೆ ಬಂದಾಗ ಅವನ ಕಫವನ್ನು ಬಾಯಿಂದ ಹೀರಿ ತೆಗೆದಿದ್ದೇನೆ. ಯಾವುದೂ ಹೇಸಿಗೆ ಅನ್ನಿಸಿರಲಿಲ್ಲ. ಆ ಮುಗುಳ್ನಗು ಅನ್ನಿಸಿತು.

ಸಾಹೇಬರ ಮುಂದಿನ ಕಾಫಿಯನ್ನು ಎತ್ತಿದೆ. ಅರ್ಧ ಕುಡಿದಿದ್ದರು. ಒಯ್ದು ಕಲಗಚ್ಚಿನ ಬಕೆಟ್ಟಿಗೆ ಸುರಿದೆ. ಈ ಕೆರೆಯ ಸುತ್ತ ಯಾವ ಮನೆಯಲ್ಲೂ ಅತಿಥಿಯ ಕಾಫಿಯನ್ನು ಯಾರೂ ಹಾಗೆ ಎತ್ತಿದ್ದು ನಾನು ಕೇಳಿಲ್ಲ. ಸಾಹೇಬರು ಎದ್ದು ಟೋಪಿ ಹುಡುಕಿಕೊಂಡು ಹೋದರು. ತೌನೊ ಬಿಳಿಚಿಕೊಂಡಿದ್ದ.

'ತಲೆ ಕೆಟ್ಟಿದ್ಯಾ ನಿಂಗೆ? ಆ ಕೆಮ್ಮಿನೋಳ ಪತ್ರ ಮೂಸಿ ಮೂಸಿ ನಿಂಗೂ ಹಿಡೀತು' ಎಂದ.

ಮನೆ ನನ್ನ ಹೆಸರಿನಲ್ಲಿದೆ, ಇರ್ಯಾ. ನಿನ್ನ ಮಾವ ಸಾಯುವಾಗ ಮಾಡಿದ ಒಂದೇ ಬುದ್ಧಿವಂತ ಕೆಲಸ. ಸಾಮಾನು ಕಟ್ಟಿಕೊ ಎಂದೆ.

ಲೊವೀಸಾ


ಕ್ಷಯದ ಆಸ್ಪತ್ರೆ
ನವೆಂಬರ್ ೧೭

ಅತ್ತೆ,

ನಿಮ್ಮ ಪತ್ರಕ್ಕಿಂತ ಮೊದಲು ಅವನ ಪತ್ರ ಬಂದಿತ್ತು. ಹೆಬ್ಬಾತಿನ ಊಟದ ಸಂಗತಿ ಓದಿ, ಪರವಾಗಿಲ್ಲ, ಮನೆಯಲ್ಲಿ ನಗು ಇದೆ ಎಂದು ಸಂತೋಷಪಟ್ಟಿದ್ದೆ. ಯಾವ ಬುದ್ಧಿಯಿಂದ ಸಂತೋಷಪಟ್ಟೆನೋ. ಲಕೋಟೆಯನ್ನು ನೀರಿನಿಂದ ಅಂಟಿಸು ಎಂದು ಬರೆದಿದ್ದಾನೆ. ಈ ಲಕೋಟೆಯನ್ನು ನೋಡಿ. ನಾಲಿಗೆಯಿಂದಲೇ ಅಂಟಿಸಿದ್ದೇನೆ. ನಿಮಗೆ ಅಂಜಿಕೆಯಾದರೆ ಕ್ಷಮಿಸಿ, ಆದರೆ ನೀವು ಅಂಜುವುದಿಲ್ಲ ಎಂದು ನನಗೆ ಗೊತ್ತು.

ಅವನನ್ನು ನನಗಾಗಿ ಹೊರಗೆ ಹಾಕಿದೆ ಎಂದು ಮಾತ್ರ ಎಂದೂ ಹೇಳಬೇಡಿ. ಆ ಭಾರ ನಾನು ಹೊರಲಾರೆ. ನಿಮ್ಮ ಬಾಯಿಗೆ ಅವನು ಹಾಕಿದ್ದಕ್ಕಾಗಿ ಹೊರಗೆ ಹಾಕಿದ್ದರೆ ಸರಿ.

ಆ ಕತ್ತು ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಎರಡು ದಿನ ಊಟ ಸೇರಲಿಲ್ಲ. ದಾದಿ ಗದರಿಸಿ ಗಂಜಿ ತಿನ್ನಿಸಿದಳು. ಇಲ್ಲಿ ತೂಕ ಇಳಿದರೆ ಅಪರಾಧ. ಅವಳಿಗೆ ಕಾರಣ ಹೇಳಿದೆ. ಆ ಮರಿ ಏನಾಯಿತು ಎಂದು ಕೇಳಿದಳು. ನೀವು ಅದನ್ನೇ ಬರೆದಿಲ್ಲ. ಇಲ್ಲೇ ಬಾಲ್ಕನಿಯ ನೀರು ಕಲ್ಲಾಗಿದೆ, ಅಲ್ಲಿ ಕೆರೆ ಹೆಪ್ಪುಗಟ್ಟುತ್ತಿರಬೇಕು. ಉಳಿದ ಒಂದು ದೊಡ್ಡ ಹಂಸ ಎಷ್ಟು ದಿನ ಕಾಯುತ್ತದೆ? ಹೇಗಾದರೂ ಏನಾದರೂ ಮಾಡಿ ಎಂದು ಕೇಳಲು ನನಗೆ ಬಾಯಿಲ್ಲ. ಆದರೂ ಕೇಳುತ್ತಿದ್ದೇನೆ.

ನನ್ನ ಸೀಸೆ ಶುದ್ಧವಾಗಿದೆ ಎಂದರು ಡಾಕ್ಟರು. ಮತ್ತೊಮ್ಮೆ ನೋಡಿದರು, ಆಗಲೂ ಶುದ್ಧ. ಡಿಸೆಂಬರಿನಲ್ಲಿ ಬಿಡುತ್ತಾರಂತೆ. ಮನೆಯ ವಿಳಾಸ ಹೇಳಿ, ಬರೆದುಕೊಳ್ಳಬೇಕು ಎಂದರು. ನಾಳೆ ಹೇಳುತ್ತೇನೆ ಎಂದು ಬಂದೆ. ನಾಳೆಗಳು ಕಳೆಯುತ್ತಿವೆ. ನಾನು ಎಲ್ಲಿಗೆ ಹೋಗಲಿ, ಅತ್ತೆ?

ಇರ್ಯಾ


ಪೆತಾ ಕೆರೆ
ನವೆಂಬರ್ ೨೯

ಇರ್ಯಾ,

ವಿಳಾಸ ಎಂದರೆ ಯಾವುದು? ಈ ಪತ್ರದ ತಲೆಯ ಮೇಲೆ ಇರುವುದನ್ನೇ ಬರೆಸು. ಕಣ್ಣಿಗೇನಾದರೂ ಬಂದಿದೆಯೇ?

ಈ ತಿಂಗಳಿಗೆ ನಮ್ಮ ಹಿರಿಯರು 'ಸಾವಿನ ತಿಂಗಳು' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬೆಳಕು ಬರುವಷ್ಟರಲ್ಲಿ ಹೋಗಿರುತ್ತದೆ. ಸೂರ್ಯ ಇಲ್ಲ, ಹಿಮವೂ ನಿಲ್ಲುವುದಿಲ್ಲ, ಎಲ್ಲವೂ ನೆಂದ ಕಂಬಳಿಯ ಬಣ್ಣ. ತೌನೊ ಚರ್ಚಿನ ಊರಿನಲ್ಲಿ ಮೇಸ್ತ್ರಿಗಳ ಬಿಡಾರಕ್ಕೆ ಹೋಗಿದ್ದಾನೆ. ಹೋಗುವ ದಿನ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದ. ನಾನು ಕಿಟಕಿಯ ಹತ್ತಿರ ಹೋಗಲಿಲ್ಲ.

ಕೆರೆ ಹೋದ ವಾರ ಹೆಪ್ಪುಗಟ್ಟಿತು. ಉಳಿದದ್ದು ತೊರೆ ಬಂದು ಸೇರುವ ಕಡೆ, ನಮ್ಮ ಮನೆಯಷ್ಟಗಲದ ಕಪ್ಪು ನೀರು. ಅದರಲ್ಲಿ ದೊಡ್ಡದೂ ಮರಿಯೂ ಸುತ್ತು ಹೊಡೆಯುತ್ತಿದ್ದವು. ದಿನ ದಿನವೂ ಆ ನೀರು ಕಿರಿದಾಗುತ್ತಿತ್ತು. ಒಂದು ನರಿ ಬಂದು ಮಂಜುಗಡ್ಡೆಯ ಅಂಚಿನಲ್ಲಿ ಕೂರಲು ಶುರು ಮಾಡಿತು. ಅವಸರವೇನೂ ಇರಲಿಲ್ಲ ಅದಕ್ಕೆ. ಊಟಕ್ಕೆ ಕರೆದವರ ಮನೆಯಲ್ಲಿ ಕೂತ ಹಾಗೆ ಬಾಲ ಸುತ್ತಿಕೊಂಡು ಕೂರುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ದೊಡ್ಡದು ಎದ್ದು ಹಾರಿತು. ಕೆರೆಯ ಮೇಲೆ ಸುತ್ತಿ ಸುತ್ತಿ ಕೂಗಿತು. ಮರಿ ಓಡಲು ನೋಡಿತು, ಓಡಲು ನೀರಿರಲಿಲ್ಲ. ಅಂಚಿಗೆ ಎದೆ ಬಡಿದು ನಿಂತಿತು.

ನಾನು ಯಾಲ್ಮರಿಯ ಮನೆಗೆ ಹೋಗಿ ದೋಣಿ ತೆಗೆ ಎಂದೆ. ಅವನು ನನ್ನನ್ನೇ ದಿಟ್ಟಿಸಿದ.

'ಲೊವೀಸಕ್ಕ, ದೋಣಿಗೆ ಐಸು ಗಟ್ಟಿ, ಕಾಲಿಗೆ ತೆಳು. ಇಬ್ರೂ ಸಾಯ್ತೀವಿ.'

'ಸಾಯೋದಾಗಿದ್ರೆ ಇಷ್ಟು ದಿನದಲ್ಲಿ ಸಾಯ್ತಿರ್ಲಿಲ್ವೇನೋ. ಸುಮ್ನೆ ಬಾ' ಎಂದೆ.

ಅವನು ಮುಂದೆ ನಿಂತು ಕೊಡಲಿಯ ಹಿಂಬದಿಯಿಂದ ಗಡ್ಡೆ ಒಡೆಯುತ್ತಾ ಹೋದ, ನಾನು ಹುಟ್ಟು ಹಾಕಿದೆ. ನನ್ನ ವಯಸ್ಸಿನ ಹೆಂಗಸಿಗೆ ಬೇಕಿತ್ತೇ ಇದು? ಗಡ್ಡೆಯ ಚೂರು ಸಿಡಿದು ಕೆನ್ನೆ ಕೊಯ್ದಿತು. ಎರಡು ಸಲ ದೋಣಿ ಓರೆಯಾಗಿ ನೀರು ಒಳಗೆ ಬಂತು. ನರಿ ಎದ್ದು ಸ್ವಲ್ಪ ದೂರ ಹೋಗಿ ಮತ್ತೆ ಕುಳಿತಿತು. ಮರಿ ಮೂಲೆ ಸೇರಿ ಬುಸುಗುಟ್ಟಿತು. ಯಾಲ್ಮರಿ ಮೀನಿನ ಬಲೆ ಬೀಸಿ ಎಳೆದ. ನಾನು ತಬ್ಬಿ ಹಿಡಿದೆ. ನೀನು ಕಿಟಕಿಯಿಂದ ನೋಡಿ ಚೆಂದ ಎನ್ನುತ್ತಿದ್ದೆಯಲ್ಲ, ಹತ್ತಿರ ಹೋದವಳು ನಾನು. ಕೊಳೆತ ಜೊಂಡಿನ ನಾತ. ಮೈತುಂಬ ಹೇನು. ರೆಕ್ಕೆಯಿಂದ ಹೊಡೆದದ್ದಕ್ಕೆ ನನ್ನ ಮುಂಗೈ ಇನ್ನೂ ನೀಲಿಯಾಗಿದೆ. ಗೋಣಿಚೀಲಕ್ಕೆ ತುಂಬುವಷ್ಟರಲ್ಲಿ ನನ್ನ ಮಡಿಲ ತುಂಬ ಹಸಿರು ಹಿಕ್ಕೆ ಹಾಕಿತು. ಬಿಸಿಯಾಗಿತ್ತು. ಆ ಚಳಿಯಲ್ಲಿ ಇಡೀ ಕೆರೆಯಲ್ಲಿ ಬಿಸಿಯಾಗಿದ್ದದ್ದು ಅದೊಂದೇ.

ಯಾಲ್ಮರಿಯ ಕುದುರೆಗಾಡಿಯಲ್ಲಿ ಕೆಳಗಿನ ರಭಸದ ಹೊಳೆಗೆ ಹೋದೆವು. ಅಲ್ಲಿ ನೀರು ಎಷ್ಟೇ ಚಳಿಯಲ್ಲೂ ನಿಲ್ಲುವುದಿಲ್ಲ. ದಾರಿಯುದ್ದಕ್ಕೂ ಚೀಲದ ಬಾಯಿಯಿಂದ ಕತ್ತು ಹೊರಗೆ ಹಾಕಿ ನನ್ನ ಕಿವಿಯ ಬಳಿ ಬುಸುಗುಟ್ಟುತ್ತಿತ್ತು. ನೀರಿಗೆ ಬಿಟ್ಟೊಡನೆ ನಮ್ಮ ಕಡೆ ತಿರುಗಿಯೂ ನೋಡದೆ ಕಲ್ಲುಗಳ ಹಿಂದಿನ ಮಡುವಿಗೆ ಹೋಗಿ ತಲೆ ಕೆಳಗೆ ಮಾಡಿತು. ಹಸಿದಿತ್ತು.

ದೊಡ್ಡದು ಅಲ್ಲಿಗೆ ಬಂತೇ ಎಂದು ಕೇಳುತ್ತೀಯ. ಗೊತ್ತಿಲ್ಲ. ನಿನ್ನೆ ಹೊಳೆಯ ಮೇಲೆ ಒಂದು ಬಿಳಿ ಹಂಸ ಹಾರಿದ್ದನ್ನು ಯಾಲ್ಮರಿ ಕಂಡನಂತೆ. ಅದೇ ಇರಬಹುದು, ಬೇರೆಯದೂ ಇರಬಹುದು. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬಾರದು. ಮರಿಗೆ ಬಾರ್ಲಿ ಹಾಕಿ ಬರುತ್ತಿದ್ದೇನೆ. ಕೃತಜ್ಞತೆ ಎಂಬುದು ಅದಕ್ಕೆ ಎಳ್ಳಷ್ಟೂ ಇಲ್ಲ.

ನಿನಗೆ ಹೊಸ ಹಾಸಿಗೆ ಹೊಲಿದಿದ್ದೇನೆ, ಕಿಟಕಿಯ ಪಕ್ಕದಲ್ಲೇ ಹಾಕಿದ್ದೇನೆ. ನಾನು ಸಿಡುಕಿ, ಅದು ನಿನಗೆ ಹೊಸದಲ್ಲ. ನೀನು ಕೆಮ್ಮಿದರೆ ಬಾಯಿಗೆ ಬಟ್ಟೆ ಇಟ್ಟುಕೊ ಎಂದು ಬೈಯುತ್ತೇನೆ. ಹೊರಡುವ ದಿನ ತಿಳಿಸು, ಬಸ್ಸಿನ ಬಳಿ ಗಾಡಿ ನಿಂತಿರುತ್ತದೆ.

ಲೊವೀಸಾ


ಪೆತಾ ಕೆರೆ
ಡಿಸೆಂಬರ್ ೧೯, ೧೯೫೩

ತೌನೊ,

ನಿನ್ನ ಚೀಟಿ ತಲುಪಿತು. ಕೋವಿ ಕಳಿಸು, ಕ್ರಿಸ್‌ಮಸ್ಸಿಗೆ ಬರಲೇ ಎಂದು ಎರಡು ಮಾತು ಕೇಳಿದ್ದೀಯ.

ಕೋವಿ ಇಲ್ಲಿಲ್ಲ. ನಾನೇ ಪೊಲೀಸು ಅಧಿಕಾರಿಗೆ ಒಯ್ದು ಕೊಟ್ಟೆ. ಅದು ಏನನ್ನು ಹೊಡೆಯಿತು, ಯಾರು ತಿಂದರು ಎಂದು ಹೇಳಿದೆ, ತಿಂದವರಲ್ಲಿ ನನ್ನ ಹೆಸರನ್ನೂ ಹೇಳಿದೆ. ಲಿಂಡ್‌ರೋಸ್ ಎಂದಾಗ ಅವರು ಬರೆಯುವುದನ್ನು ನಿಲ್ಲಿಸಿದರು. ಬರೆಯಿರಿ ಎಂದೆ. ಬರೆದರು. ಮುಂದೆ ಏನಾಗುತ್ತದೋ ಗೊತ್ತಿಲ್ಲ, ದೊಡ್ಡವರು ನುಣುಚಿಕೊಳ್ಳುತ್ತಾರೆ, ನೀನು ಸಿಕ್ಕಿಕೊಳ್ಳುತ್ತೀಯ. ಯಾಲ್ಮರಿಯನ್ನು ಅನುಮಾನಿಸಬೇಡ, ಹೇಳಿದವಳು ನಿನ್ನ ತಾಯಿ.

ಇರ್ಯಾ ಬಂದಿದ್ದಾಳೆ. ಬಸ್ಸಿನಿಂದ ಇಳಿದಾಗ ಗುರುತೇ ಸಿಗಲಿಲ್ಲ, ಕೆನ್ನೆ ತುಂಬಿಕೊಂಡಿದೆ. ಮನೆಗೆ ಬರುವ ಮೊದಲು ಹೊಳೆಗೆ ಹೋಗೋಣ ಎಂದಳು. ನೀನು ಹೊಡೆದ ಹಂಸದ ಮರಿಯನ್ನು ನೋಡುತ್ತಾ ಆ ಚಳಿಯಲ್ಲಿ ಬಂಡೆಯ ಮೇಲೆ ಬಹಳ ಹೊತ್ತು ನಿಂತಳು. ಕೊನೆಗೆ ನಾನು ಎಳೆದುಕೊಂಡು ಬರಬೇಕಾಯಿತು. ಈಗ ರೈ ಧಾನ್ಯದ ಹಿಟ್ಟು ನಾದುತ್ತಿದ್ದಾಳೆ, ಅವರ ಊರಿನ ಕಡುಬು ಮಾಡುತ್ತಾಳಂತೆ.

ಕ್ರಿಸ್‌ಮಸ್ಸಿಗೆ ಬರಬೇಡ ಎಂದು ನಾನು ಹೇಳಲಾರೆ. ನೀನು ಮಾಡಿದ್ದು ನೆನೆದರೆ ಇವತ್ತಿಗೂ ನನ್ನ ಬಾಯಲ್ಲಿ ಆ ಕೆಸರಿನ ರುಚಿ ಬರುತ್ತದೆ, ಆದರೂ ಹೇಳಲಾರೆ. ಬಂದರೆ ಇದೇ ಮೇಜು, ಒಂದೇ ಪಾತ್ರೆಯ ಕಾಫಿ, ಅವಳು ಕೈಯಾರೆ ಮಡಿಸಿದ ಕಡುಬು. ನೀನು ಅವಳೆದುರು ಕುಳಿತು, ಮೂಗಿಗೆ ಬಟ್ಟೆ ಕಟ್ಟದೆ, ತಿನ್ನಬೇಕು. ಅದು ನಿನ್ನಿಂದ ಆಗದಿದ್ದರೆ ಬಿಡಾರದಲ್ಲೇ ಇರು. ಉಣ್ಣೆಯ ಕಾಲುಚೀಲ ಹೆಣೆದಿದ್ದೇನೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಅದನ್ನು ಕ್ಷಮೆ ಎಂದು ತಿಳಿಯಬೇಡ. ಕಾಲು ಕಾಲೇ.

ಇಷ್ಟು ಬರೆದು ಇರ್ಯಾಗೆ ಓದಿ ಹೇಳಿದೆ. ಅವಳು ಹಿಟ್ಟಿನ ಕೈಯನ್ನು ಒರೆಸಿಕೊಳ್ಳುತ್ತಾ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

'ಬರೋದಾದ್ರೆ ಬರ್ಲಿ ಅತ್ತೆ, ನಿಮ್ಮ ಮಗ. ಆದ್ರೆ ಅವ್ನೆದುರು ಕೂತು ನಾನು ಊಟ ಮಾಡ್ಬೇಕೋ ಬೇಡ್ವೋ ಅನ್ನೋದನ್ನ ಅವತ್ತು ನಾನೇ ಹೇಳ್ತೀನಿ. ನಂಗೂ ಹೇಸಿಗೆ ಅನ್ನೋದಿದೆ.'

ನೀನೂ ನಾನೂ ಅದೊಂದನ್ನು ಯೋಚಿಸಿಯೇ ಇರಲಿಲ್ಲ.

ನಿನ್ನ ತಾಯಿ,
ಲೊವೀಸಾ